ಮೂತ್ರಪಿಂಡವೂ ಪುಷ್ಟಿಯ ಸೀಸೆಯೂ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಮೂತ್ರಪಿಂಡದ ದೀರ್ಘವ್ಯಾಧಿಯುಳ್ಳವರು ಪುಷ್ಟಿಗೆಂದು ಸೇವಿಸುವ ಸೀಸೆ, ಪುಡಿ, ಗುಳಿಗೆಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ವೈದ್ಯನಲ್ಲ, ಔಷಧದಂಗಡಿಯಲ್ಲಿ ಬಹುಕಾಲ ಲೆಕ್ಕ ಬರೆದವನು. ವೈದ್ಯರ ಚೀಟಿಯಿಲ್ಲದೆ ದೊರೆಯುವ ವಸ್ತುವಿನಿಂದ ಅಪಾಯವಿಲ್ಲವೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಮೂತ್ರಪಿಂಡ ಕುಂದಿದವನ ಮಟ್ಟಿಗೆ ಆ ನಂಬಿಕೆ ನಿಲ್ಲುವುದಿಲ್ಲ.

ಏಕೆಂದರೆ, ಹೆಚ್ಚಾದುದನ್ನು ಹೊರಗೆ ಹಾಕುವುದೇ ಮೂತ್ರಪಿಂಡದ ಕೆಲಸ. ಪೊಟ್ಯಾಸಿಯಂ ಎಂಬ ಲವಣಾಂಶವನ್ನೇ ತೆಗೆದುಕೊಳ್ಳಿ. ಆರೋಗ್ಯವಂತನು ಬೇಕಾದಷ್ಟು ಹಣ್ಣು ತಿಂದರೂ ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ಮೂತ್ರಪಿಂಡ ಸೋತವನಲ್ಲಿ ಅದು ರಕ್ತದಲ್ಲಿಯೇ ನಿಲ್ಲುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿ-ಈಕ್ವಿವಲೆಂಟು. 6.5ನ್ನು ದಾಟಿದರೆ ಹೃದಯದ ಬಡಿತ ತಪ್ಪಬಹುದು, ಯಾವ ಮುನ್ಸೂಚನೆಯೂ ಇಲ್ಲದೆ ನಿಂತೇಹೋಗಬಹುದು.

ಈ ವಿಷಯದಲ್ಲಿ ನಾವಿರುವ ಪೆರುಂಗುಡಿಗೂ ಒಂದು ಸಂಬಂಧವುಂಟು. ವರ್ಲ್ಡ್ ನೋನಿ ರಿಸರ್ಚ್ ಫೌಂಡೇಶನ್ ಎಂಬ ಸಂಸ್ಥೆಯ ವಿಳಾಸ ಇಲ್ಲಿಯ ರಾಜೀವ್ ಗಾಂಧಿ ರಸ್ತೆಯಲ್ಲಿತ್ತು; ಆ ಒಂದು ಹಣ್ಣಿಗಾಗಿಯೇ ಅದು ಸಂಶೋಧನಾ ಪತ್ರಿಕೆಯನ್ನೂ ಹೊರಡಿಸಿತು. ನೋನಿಯೇನೂ ದೇವಲೋಕದ ಹಣ್ಣಲ್ಲ. ಸಮುದ್ರತೀರದಲ್ಲಿ ಬೆಳೆಯುವ ಮರ, ತಮಿಳರ ನುಣಾ ಮರದ ದಾಯಾದಿ. ಹಣ್ಣಾದರೆ ಮೂಗು ಮುಚ್ಚಿಕೊಳ್ಳಬೇಕು. ಹಣ್ಣನ್ನು ಅಭ್ಯಾಸ ಮಾಡುವುದು ತಪ್ಪಲ್ಲ. ನಾನು ಹೇಳುವುದು ರಸ ಕುಡಿಯುವವನ ವಿಷಯ. ಅಮೆರಿಕದ ಮೂತ್ರಪಿಂಡ ವೈದ್ಯರ ಪತ್ರಿಕೆಯೊಂದರಲ್ಲಿ 2000ದಲ್ಲಿ ಒಂದು ವರದಿ ಬಂತು. ಪಥ್ಯದಲ್ಲಿದ್ದೇನೆಂದು ಹೇಳುತ್ತಿದ್ದ ರೋಗಿಯೊಬ್ಬನ ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ವಿಚಾರಿಸಿದರೆ ಆತ ನೋನಿ ರಸ ಕುಡಿಯುತ್ತಿದ್ದ. ರಸವನ್ನು ಪರೀಕ್ಷಿಸಿದಾಗ ಲೀಟರಿಗೆ ಸುಮಾರು 56 ಮಿಲಿ-ಈಕ್ವಿವಲೆಂಟು ಕಂಡಿತು. ಅಂದರೆ 100 ಮಿಲಿಲೀಟರಿಗೆ ಸುಮಾರು 220 ಮಿಲಿಗ್ರಾಂ. ಎಳನೀರಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಎರಡು ಚಮಚ ಕುಡಿದವನು ಕೆಟ್ಟನೆಂದು ನಾನು ಹೆದರಿಸಲಾರೆ. ಆದರೆ ವೈದ್ಯರ ಮಾತಿಗೆ ಎಳನೀರು ಬಿಟ್ಟವನು, ಅದಕ್ಕಿಂತ ಹೆಚ್ಚು ಬೆಲೆ ಕೊಟ್ಟು ಅದೇ ಪೊಟ್ಯಾಸಿಯಮ್ಮನ್ನು ಲೋಟದಲ್ಲಿ ಕುಡಿದರೆ ಏನು ಹೇಳೋಣ?

ಇದರ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ರಕ್ತದೊತ್ತಡಕ್ಕೂ ಮೂತ್ರಪಿಂಡದ ರಕ್ಷಣೆಗೂ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಪ್ರಿಲ್ ಗುಳಿಗೆಗಳು ಒಳ್ಳೆಯವು. ಆದರೆ ಅವೂ ಪೊಟ್ಯಾಸಿಯಮ್ಮನ್ನು ಸ್ವಲ್ಪ ಏರಿಸುತ್ತವೆ. ಅಂಗಡಿಯ 'ಲೋ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಹಾಕಿರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡು. ಗುಳಿಗೆ, ಉಪ್ಪು, ರಸ ಮೂರೂ ಒಬ್ಬನ ಹೊಟ್ಟೆಯಲ್ಲಿ ಕೂಡಿದರೆ ಲೆಕ್ಕ ತಪ್ಪುತ್ತದೆ. ಸೈಂಧವ ಲವಣವೆಂದರೆ ಬಹುಪಾಲು ಸಾಧಾರಣ ಉಪ್ಪೇ, ಬಣ್ಣಕ್ಕೆ ಮರುಳಾಗಬೇಡಿ.

ಗಿಡಮೂಲಿಕೆಯಲ್ಲವೇ ಎನ್ನುವವರುಂಟು. ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವುದಕ್ಕೆಂದು ಮೂಲಿಕೆಯ ಗುಳಿಗೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟ ಸಂಗತಿ 1993ರಲ್ಲಿ ಬೆಳಕಿಗೆ ಬಂತು. ಮುಂದೆ ಅವರ ಎಣಿಕೆ ನೂರನ್ನು ದಾಟಿತು. ಒಂದು ಮೂಲಿಕೆಗೆ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಅದರೊಳಗೆ ಸೇರಿಹೋಗಿತ್ತು. ಹಾವಿನ ವಿಷಕ್ಕೆಂದು ನಮ್ಮ ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬಳ್ಳಿ ಆ ಜಾತಿಯದೇ. ಇನ್ನು ಕರಾವಳಿಯವರು ಬಲ್ಲ ಬಿಂಬುಳಿ: ಕೊಬ್ಬು ಕರಗಲೆಂದು ಅದರ ರಸವನ್ನು ಕುಡಿದ ಹತ್ತು ಮಂದಿಯ ಮೂತ್ರಪಿಂಡ ಕೆಟ್ಟ ವರದಿ 2013ರಲ್ಲಿ ಕೇರಳದಿಂದ ಬಂತು. ಸಾರಿಗೆ ಎರಡು ಕಾಯಿ ಹಾಕುವುದು ಬೇರೆ, ಲೋಟದಲ್ಲಿ ರಸ ಕುಡಿಯುವುದು ಬೇರೆ. ಆದರೆ ಅದರ ಜ್ಞಾತಿಯಾದ ಕಮರಾಕ್ಷಿ ಹಣ್ಣನ್ನು ಮೂತ್ರಪಿಂಡದ ರೋಗಿ ಮುಟ್ಟಲೇಬಾರದು. ಬಿಕ್ಕಳಿಕೆಯಿಂದ ಮೊದಲಾಗಿ ಬುದ್ಧಿಭ್ರಮಣೆ, ಮರಣದವರೆಗೆ ಹೋದವರಿದ್ದಾರೆ.

ಹಾಗಾದರೆ ಪೂರಕಗಳೆಲ್ಲ ಕೆಟ್ಟವೇ? ಅಲ್ಲ. ರಕ್ತ ಕುಂದಿದವನಿಗೆ ಕಬ್ಬಿಣಾಂಶ, ಕೆಲವರಿಗೆ ಡಿ ಜೀವಸತ್ವ, ರಕ್ತದಲ್ಲಿ ಆಮ್ಲ ಹೆಚ್ಚಿದವನಿಗೆ ಸೋಡಾ ಬೈಕಾರ್ಬನೇಟಿನ ಗುಳಿಗೆ, ಡಯಾಲಿಸಿಸ್ಸಿನಲ್ಲಿ ತೊಳೆದುಹೋಗುವ ಬಿ ಜೀವಸತ್ವಗಳು, ಇವನ್ನು ವೈದ್ಯರೇ ಬರೆದುಕೊಡುತ್ತಾರೆ. ಕೀಟೋ ಗುಳಿಗೆಗಳನ್ನೂ ಕೆಲವರಿಗೆ ಬರೆಯುವುದುಂಟು. ಅವು ದುಬಾರಿ, ಕಟ್ಟುನಿಟ್ಟಿನ ಪಥ್ಯವಿಲ್ಲದೆ ನುಂಗಿದರೆ ದುಡ್ಡು ದಂಡ. ಸಸಾರಜನಕದ ಪುಡಿಯ ಮಾತು ಇನ್ನೂ ಸೂಕ್ಷ್ಮವಾದುದು. ಡಯಾಲಿಸಿಸ್ಸಿಗೆ ಇನ್ನೂ ಹೋಗದ, ಮೂತ್ರಪಿಂಡ ಕುಂದಿದ 60 ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ 48 ಗ್ರಾಂ ಸಸಾರಜನಕ ಸಾಕು. ಅನ್ನ, ಬೇಳೆ, ಮೊಸರಿನಲ್ಲಿಯೇ ಅದು ಬಹುತೇಕ ಬಂದುಬಿಡುತ್ತದೆ, ಡಬ್ಬಿ ಅನವಶ್ಯಕ. ಅದೇ ಮನುಷ್ಯ ಡಯಾಲಿಸಿಸ್ಸಿಗೆ ಹೋಗತೊಡಗಿದರೆ 60ರಿಂದ 72 ಗ್ರಾಂ ಬೇಕು. ಆಗ ಡಬ್ಬಿಯ ಅಗತ್ಯ ಬೀಳಬಹುದು. ಒಂದೇ ಪುಡಿ, ಒಬ್ಬನೇ ರೋಗಿ, ಎರಡು ಕಾಲದಲ್ಲಿ ಎರಡು ಉತ್ತರ. ಪಕ್ಕದ ಮನೆಯವರಿಗೆ ಒಗ್ಗಿತೆಂದು ಕೇಳಿಕೊಂಡು ತರುವ ವಸ್ತುವಲ್ಲ ಇದು.

ಕಚೇರಿಯಲ್ಲಿ ಕಾಗದ ಓದುವವರು ನಾವು. ಸೀಸೆಯ ಚೀಟಿಯನ್ನೂ ಓದೋಣ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮವು ಇಂಥ ಪೂರಕಗಳ ಮೇಲೆ 'ನಾಟ್ ಫಾರ್ ಮೆಡಿಸಿನಲ್ ಯೂಸ್' ಎಂದು ಮುದ್ರಿಸಿರಬೇಕೆಂದು ವಿಧಿಸಿತು. ಮಾರುವವನು ಬಾಯಲ್ಲಿ ಏನೇ ಹೇಳಲಿ, ಔಷಧವಲ್ಲವೆಂದು ಸೀಸೆಯೇ ಹೇಳುತ್ತದೆ. ಕೆಳಗಿರುವ 14 ಅಂಕಿಯ ಸಂಖ್ಯೆ ಆಹಾರದ ವ್ಯಾಪಾರಕ್ಕೆ ಪಡೆದ ಪರವಾನಗಿಯದು, ರೋಗ ವಾಸಿಮಾಡುತ್ತದೆಂಬ ಪ್ರಮಾಣಪತ್ರವಲ್ಲ.

ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸಿ ಉಳಿದುದರಲ್ಲಿ ಸೀಸೆ ಕೊಳ್ಳುವವರಿಗೆ ಡಾಕ್ಟರ್ ಎಂ. ಕೆ. ಮಣಿಯವರ ಕೆಲಸವನ್ನು ತಿಳಿಸಬೇಕು. ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ಚೆನ್ನೈ ಹತ್ತಿರದ ಹಳ್ಳಿಗಳಲ್ಲಿ ಸುಮಾರು 25,000 ಜನರ ನಡುವೆ ಮನೆಮನೆಗೆ ಹೋಗಿ ಮೂತ್ರ, ರಕ್ತದೊತ್ತಡ ಪರೀಕ್ಷಿಸಿ, ಅತ್ಯಂತ ಅಗ್ಗದ ಗುಳಿಗೆಗಳಿಂದ ಸಕ್ಕರೆ ಕಾಯಿಲೆಯನ್ನೂ ಒತ್ತಡವನ್ನೂ ಹತೋಟಿಯಲ್ಲಿಡಲು ಶ್ರಮಿಸಿತು. ಮೂತ್ರಪಿಂಡ ಉಳಿಸಲು ಅವರು ಹಿಡಿದ ದಾರಿ ಅದು, ಟಾನಿಕ್ಕಿನದಲ್ಲ. ತಮಿಳುನಾಡು ಸರ್ಕಾರವೂ 2021ರಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆಯನ್ನು ಆರಂಭಿಸಿ ಈ ಎರಡು ರೋಗಗಳ ಗುಳಿಗೆಯನ್ನು ಮನೆಬಾಗಿಲಿಗೆ ಮುಟ್ಟಿಸತೊಡಗಿತು.

ಕೊನೆಗೆ ಭಾಷೆಯ ತೊಡಕೊಂದು. ಇಲ್ಲಿಯವರು ರಕ್ತದಲ್ಲಿ 'ಉಪ್ಪು' ಹೆಚ್ಚಿದೆಯೆಂದರೆ, ಅದು ಯೂರಿಯಾ, ಕ್ರಿಯಾಟಿನಿನ್ನುಗಳ ಮಾತಾಗಿರಬಹುದು, ಊಟದ ಉಪ್ಪೇ ಆಗಿರಬೇಕೆಂದಿಲ್ಲ. ಕಾಗದದ ಮೇಲೆ ಅಂಕಿಯನ್ನು ಬರೆಸಿಕೊಳ್ಳಿ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಸೀಸೆ, ಪುಡಿ, ಲೇಹ್ಯ, ಉಪ್ಪಿನ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ಅವರೇ ಬೇರೆ ಮಾಡಿಕೊಡಲಿ.