ಪುಕ್ಕಟೆ ಕರೆಂಟಿನ ಬೆಲೆ
(ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರ ಸಭೆಯಲ್ಲಿ ಆಡಿದ ಮಾತು)



ಬೆಳೆಗೆ ಬೆಲೆ ಕೇಳುವ ನಾವು ಖರ್ಚಿನ ಬೇರನ್ನೂ ನೋಡಬೇಕು. ಟಿಲ್ಲರಿಗೆ ಡೀಸೆಲ್, ಮೆಕ್ಕೆಜೋಳಕ್ಕೆ ಯೂರಿಯಾ, ಬೋರಿಗೆ ಕರೆಂಟು. ಯೂರಿಯಾ ಮಾಡುವುದೂ ನೆಲದಡಿಯ ಅನಿಲದಿಂದಲೇ. ಭತ್ತದ ಬೆಲೆ ಮಂಡಿಯವನು ಕಟ್ತಾನೆ, ಡೀಸೆಲ್ ಬೆಲೆ ಎಣ್ಣೆ ಕಂಪನಿಯವನು ಕಟ್ತಾನೆ. ಸಾಲ ಮಾತ್ರ ನಮ್ಮದು.

ಕರೆಂಟು ಪುಕ್ಕಟೆ ಅಂತೀರಿ. 10 ಎಚ್.ಪಿ. ಪಂಪಿನವರೆಗೆ ಬಿಲ್ಲಿಲ್ಲ, ನಿಜ. ಹಾಗಾದರೆ ಬೆಲೆ ತೆತ್ತವರು ಯಾರು? ಪಕ್ಕದ ಸಾಗರ, ಹೊಸನಗರದವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅವರ ಗದ್ದೆ, ತೋಟ, ಮನೆ ಶರಾವತಿಯಲ್ಲಿ ಮುಳುಗಿದವು. ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೀತಿದ್ದಾರೆ. ನೀರಿನ ಕರೆಂಟು ಸಾಲದೆ 1985ರಿಂದ ರಾಯಚೂರಿನಲ್ಲಿ ಕಲ್ಲಿದ್ದಲು ಸುಡುತ್ತಿದ್ದಾರೆ. ಗಣಿಯ ಊರಿಗೆ ಗುಂಡಿ, ರಾಯಚೂರಿಗೆ ಬೂದಿ.

ಪಂಪು ಬಿಸಾಡಿ ಅನ್ನುವುದಿಲ್ಲ. ಲೆಕ್ಕ ಹಾಕಿ. 60 ಅಡಿಯಿಂದ ಎತ್ತುವ ನೀರನ್ನೇ 300 ಅಡಿಯಿಂದ ಎತ್ತಲು ಐದು ಪಟ್ಟು ಶಕ್ತಿ ಬೇಕು. ನಮ್ಮದು ಕೆರೆಗಳ ಸೀಮೆ. ಹೂಳೆತ್ತಿದ ಕೆರೆ ತುಂಬಿದರೆ ಸುತ್ತಲ ಬಾವಿ, ಬೋರಿನ ನೀರು ಮೇಲೆ ಬರುತ್ತೆ. ಆ ಹೂಳು ಹೊಲಕ್ಕೆ ಗೊಬ್ಬರ. ಕೊಟ್ಟಿಗೆಯಲ್ಲಿ ದನ ಉಳಿದರೆ ಒಲೆಗೆ ಗೋಬರ್ ಗ್ಯಾಸು, ಅದರ ಬಗ್ಗಡ ಗದ್ದೆಗೆ. ಭತ್ತ ಕೊಯ್ದ ಮೇಲೆ ಉದ್ದು, ಅಲಸಂದೆ ಹಾಕಿ. ಒಂದಷ್ಟು ಯೂರಿಯಾ ಉಳೀತದೆ.

ಬೆಲೆಯ ಹೋರಾಟ ಬಿಡಬಾರದು. ಹೂಳೆತ್ತಲು ಹಣ ಕೊಡಿ ಅಂತ ಸರ್ಕಾರವನ್ನೂ ಕೇಳೋಣ. ಆದರೆ ಕೆರೆ ಒತ್ತಿದವರು ನಮ್ಮೊಳಗೇ ಇದ್ದರೆ ಮೊದಲು ಅವರು ಬಿಡಲಿ. ಈ ಬೇಸಿಗೆಗೆ ಊರಿಗೊಂದು ಕೆರೆ ಹಿಡಿಯೋಣ, ಬನ್ನಿ.