ವಾರವೂ ಗ್ರಂಥವೂ



ಯೆಹೂದ್ಯರ ಪಾಠಶಾಲೆಯೊಂದರಲ್ಲಿ ವಾರವು ಹೇಗೆ ಸಾಗುತ್ತದೆ, ತೋರಾ ಎಂಬ ಅವರ ಪವಿತ್ರಗ್ರಂಥದ ಅಧ್ಯಯನವು ಅಲ್ಲಿ ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬ ವಿಷಯವನ್ನು ಕ್ಯಾಸನೂರಿನಲ್ಲಿ ಕುಳಿತು ವಿಚಾರಿಸುವುದು ಬರಿಯ ಕುತೂಹಲದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಶಾಸ್ತ್ರಗ್ರಂಥವೊಂದನ್ನು ಬಾಲಕರಿಗೆ ಕಲಿಸುವ ಬಗೆ ಯಾವುದು, ಆ ಕಲಿಕೆಯು ಅಳಿಯದೆ ತಲೆಮಾರಿನಿಂದ ತಲೆಮಾರಿಗೆ ಹರಿದುಬರುವುದಕ್ಕೆ ಆಧಾರವೇನು ಎಂಬ ಪ್ರಶ್ನೆ ಈ ಸೀಮೆಗೆ ಹೊಸತಲ್ಲ. ನಮ್ಮ ಹಿರಿಯರು ಅದಕ್ಕೆ ತಮಗೆ ತೋರಿದ ಉತ್ತರವನ್ನು ಕಲ್ಲಿನ ಮೇಲೆಯೇ ಕೆತ್ತಿಸಿ ಹೋಗಿದ್ದಾರೆ.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಐದನೆಯ ಶತಮಾನದ ಸ್ತಂಭಶಾಸನವನ್ನು, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಆ ಕಾವ್ಯವನ್ನು, ಇಲ್ಲಿರುವವರಲ್ಲಿ ಅನೇಕರು ಬಲ್ಲಿರಿ. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಸಮಗ್ರ ವೇದವನ್ನು ಅಭ್ಯಸಿಸುವ ಅಭಿಲಾಷೆಯಿಂದ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದುದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದುದು, ದರ್ಭೆಯನ್ನೂ ಸ್ರುವವನ್ನೂ ಹಿಡಿದ ಕೈ ಖಡ್ಗವನ್ನು ಹಿಡಿದುದು ಎಲ್ಲವೂ ಅಲ್ಲಿದೆ. ನಾವು ಆ ಶಾಸನವನ್ನು ರಾಜ್ಯಸ್ಥಾಪನೆಯ ಕಥೆಯಾಗಿ ಓದುತ್ತೇವೆ. ಓದನ್ನು ಅರ್ಧಕ್ಕೆ ಬಿಟ್ಟ ವಿದ್ಯಾರ್ಥಿಯೊಬ್ಬನ ಕಥೆಯಾಗಿಯೂ ಅದನ್ನು ಓದಬಹುದು. ಅದರ ನೆರೆಯ ಬಳ್ಳಿಗಾವೆಯಲ್ಲಿ, ಕೇದಾರೇಶ್ವರನ ಸನ್ನಿಧಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ನಾಲ್ಕು ವೇದಗಳನ್ನೂ ಅವುಗಳ ಅಂಗಗಳನ್ನೂ, ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳನ್ನೂ, ದರ್ಶನಗಳನ್ನೂ, ಪುರಾಣಗಳನ್ನೂ, ಕಾವ್ಯನಾಟಕಗಳನ್ನೂ ಬೋಧಿಸುವ ಸ್ಥಾನವೆಂದು ಅದನ್ನು ಹೊಗಳಿ, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ತಾಣವೆಂದೂ ಕೊಂಡಾಡುತ್ತದೆ. ವಿದ್ಯೆ ನೆಲೆಗೊಳ್ಳಬೇಕಾದರೆ ಅದಕ್ಕೊಂದು ಸ್ಥಳ ಬೇಕು, ಆ ಸ್ಥಳಕ್ಕೆ ಭೂಮಿ ಬೇಕು, ಭೂಮಿಗೆ ದಾನಶಾಸನ ಬೇಕು ಎಂಬುದು ನಮ್ಮವರ ಉತ್ತರ. ಉತ್ತರವೇನೋ ಭವ್ಯವಾದುದೇ, ಆದರೆ ದಾನ ಕೊಟ್ಟ ಅರಸರು ಹೋದರು, ಮಠದ ಪರಂಪರೆ ನಿಂತಿತು, ಇಂದು ದೇವಾಲಯವನ್ನು ನೋಡಲು ಬರುವವರ ಕಿವಿಗೆ ಪಾಠದ ಧ್ವನಿ ಬೀಳುವುದಿಲ್ಲ.

ಯೆಹೂದ್ಯರಿಗೆ ಸ್ಥಳವೇ ಇಲ್ಲದೆ ಹೋಯಿತು. ಕ್ರಿಸ್ತಶಕ 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಸುಟ್ಟಮೇಲೆ, ಯಜ್ಞವೇದಿಯಾಗಲಿ ಪುರೋಹಿತರ ಸೇವೆಯಾಗಲಿ ಉಳಿಯದ ಆ ಜನಾಂಗವು ತನ್ನ ಧರ್ಮದ ಭಾರವನ್ನೆಲ್ಲ ಓದಿನ ಮೇಲೆ ಹೊರಿಸಿತು. ಆ ಓದಿಗೆ ಬೇಕಾದ ಏರ್ಪಾಟು ಮಾತ್ರ ಅದಕ್ಕೆ ಕೆಲವೇ ವರ್ಷಗಳ ಮುಂಚೆ ಸಿದ್ಧವಾಗಿತ್ತು. ಯೆಹೋಶುವ ಬೆನ್ ಗಮ್ಲಾ ಎಂಬ ಮಹಾಯಾಜಕನು ಪ್ರತಿಯೊಂದು ಊರಿನಲ್ಲಿಯೂ ಬಾಲಬೋಧಕರನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನು ಅವರಲ್ಲಿಗೆ ಕಳುಹಿಸತಕ್ಕದ್ದೆಂದು ವಿಧಿಸಿದನಂತೆ. ಅದಕ್ಕೆ ಮೊದಲು ತಂದೆಯಿದ್ದ ಬಾಲಕನು ತಂದೆಯಿಂದ ಕಲಿಯುತ್ತಿದ್ದನು, ತಂದೆಯಿಲ್ಲದವನು ಕಲಿಯದೆಯೇ ಇರುತ್ತಿದ್ದನು. ಈ ಸಂಗತಿಯನ್ನು ಹೇಳುವ, ತಾಲ್ಮೂದ್ ಎಂಬ ಅವರ ಧರ್ಮಶಾಸ್ತ್ರಗ್ರಂಥವು ಅಲ್ಲಿಗೇ ನಿಲ್ಲದೆ, ಒಬ್ಬ ಬೋಧಕನಿಗೆ 25 ಮಂದಿ ಮಕ್ಕಳು, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಬೋಧಕರು ಎಂದು ಲೆಕ್ಕವನ್ನೂ ಕೊಡುತ್ತದೆ. ನಮ್ಮ ಸರಕಾರಿ ಶಾಲೆಗಳ ಮೇಷ್ಟರುಗಳು ಈ ಲೆಕ್ಕವನ್ನು ಕೇಳಿ ನಿಟ್ಟುಸಿರಿಟ್ಟರೆ ಅದು ಅವರ ತಪ್ಪಲ್ಲ.

ಊರೂರು ತಿರುಗಬೇಕಾದ ಜನ ಓದನ್ನು ಯಾವುದಕ್ಕೆ ಕಟ್ಟಿಹಾಕಬೇಕು? ಅವರು ಅದನ್ನು ವಾರಕ್ಕೆ ಕಟ್ಟಿದರು. ಮೋಶೆಯ ಐದು ಗ್ರಂಥಗಳಾದ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ, ಪ್ರತಿ ಶನಿವಾರ, ಅಂದರೆ ಅವರ ಸಬ್ಬತ್ ದಿನ, ಒಂದೊಂದು ಭಾಗವನ್ನು ಸಭಾಮಂದಿರದಲ್ಲಿ ಓದಿ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಅವರದೂ ಚಾಂದ್ರಮಾನ, ನಮ್ಮಂತೆಯೇ ಅಧಿಕಮಾಸವನ್ನು ಸೇರಿಸುವವರು, 19 ವರ್ಷಗಳಲ್ಲಿ ಏಳು ಸಲ. ಅಧಿಕಮಾಸವಿಲ್ಲದ ವರ್ಷದಲ್ಲಿ ವಾರಗಳು ಸಾಲದೆ ಬಂದಾಗ ಎರಡೆರಡು ಭಾಗಗಳನ್ನು ಜೋಡಿಸಿ ಓದುವುದುಂಟು. ಶರತ್ಕಾಲದಲ್ಲಿ ಬರುವ ಸಿಂಹತ್ ತೋರಾ ಎಂಬ ಹಬ್ಬದ ದಿನ ಕೊನೆಯ ಭಾಗವನ್ನು ಮುಗಿಸಿ, ಅದೇ ಕೂಟದಲ್ಲಿ ಸೃಷ್ಟಿಯ ಮೊದಲ ಅಧ್ಯಾಯವನ್ನು ಪುನಃ ತೆಗೆಯುತ್ತಾರೆ.

ಪಾಠಶಾಲೆಯ ವಾರವು ಈ ಭಾಗವನ್ನು ಹಿಂಬಾಲಿಸಿಯೇ ನಡೆಯುತ್ತದೆ. ಬೆಳಗ್ಗೆ ಪ್ರಾರ್ಥನೆ, ಅದಾದ ಮೇಲೆ ಪವಿತ್ರ ವಿದ್ಯೆಗಳು, ಅನಂತರ ಗಣಿತ, ವಿಜ್ಞಾನ, ದೇಶಭಾಷೆ ಮೊದಲಾದ ಲೌಕಿಕ ವಿದ್ಯೆಗಳು. ಹೀಗೆ ಎರಡು ಪಾಠಕ್ರಮಗಳನ್ನು ಒಂದೇ ಹಗಲಿನೊಳಗೆ ತುಂಬಿಸಬೇಕಾಗುವುದರಿಂದ ಈ ಶಾಲೆಗಳ ದಿನ ಬೇರೆ ಶಾಲೆಗಳ ದಿನಕ್ಕಿಂತ ಉದ್ದವಾಗಿರುವುದೇ ಹೆಚ್ಚು, ಮತ್ತು ಮಕ್ಕಳು ದಣಿಯುವರೆಂಬ ಆಕ್ಷೇಪವೂ ಸುಳ್ಳಲ್ಲ. ಎಳೆಯ ಮಕ್ಕಳಿಗೆ ವಾರದ ಭಾಗದ ಕಥೆ. ಸ್ವಲ್ಪ ದೊಡ್ಡವರಿಗೆ ಹೀಬ್ರೂ ಮೂಲ. ಅದಕ್ಕೂ ಮೇಲಿನವರಿಗೆ ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ತ್ರುವಾ ನಗರದಲ್ಲಿದ್ದ ರಶಿ ಎಂಬ ಪಂಡಿತನ ವ್ಯಾಖ್ಯಾನ. ರಶಿಯ ವ್ಯಾಖ್ಯಾನವನ್ನು ಅಚ್ಚುಹಾಕುವುದು ಬೇರೊಂದು ತೆರನ ಲಿಪಿಯಲ್ಲಿ. ಆದುದರಿಂದ ಮಕ್ಕಳು ಆ ಲಿಪಿಯನ್ನೂ ಹೊಸದಾಗಿ ಕಲಿಯಬೇಕು. ಐದನೆಯ ವಯಸ್ಸಿಗೆ ಶ್ರುತಿಗ್ರಂಥ, ಹತ್ತಕ್ಕೆ ಮಿಶ್ನಾ ಎಂಬ ವಿಧಿಸಂಗ್ರಹ, ಹದಿನೈದಕ್ಕೆ ತಾಲ್ಮೂದ್ ಎಂಬ ಪುರಾತನ ಕ್ರಮವನ್ನು ಇಂದಿನ ಶಾಲೆಗಳು ಕೆಲವು ವರ್ಷ ಹಿಂದುಮುಂದಾಗಿ ಅನುಸರಿಸುತ್ತವೆ.

ಸೋಮವಾರ ಮತ್ತು ಗುರುವಾರಗಳ ಮುಂಜಾನೆ, ಮುಂಬರುವ ಶನಿವಾರದ ಭಾಗದ ಮೊದಲ ಖಂಡಿಕೆಯನ್ನು ಸುರುಳಿಯಿಂದ ತೆಗೆದು ಓದುವ ಪದ್ಧತಿಯಿದೆ. ತೋರಾ ಇಲ್ಲದೆ ಮೂರು ದಿನಗಳು ಕಳೆಯಬಾರದೆಂಬುದು ಅದಕ್ಕೆ ಹೇಳುವ ಕಾರಣ. ಇನ್ನೊಂದು ಕಾರಣ ನಮಗೆ ಹೆಚ್ಚು ರುಚಿಸುವಂಥದು: ಪೂರ್ವಕಾಲದಲ್ಲಿ ಹಳ್ಳಿಯವರು ಪಟ್ಟಣದಲ್ಲಿ ನೆರೆಯುತ್ತಿದ್ದುದು ಆ ಎರಡು ದಿನಗಳಲ್ಲಿ, ನ್ಯಾಯಸ್ಥಾನ ಕೂಡುತ್ತಿದ್ದುದೂ ಆಗಲೇ. ಸೊಪ್ಪು ಕಾಳು ಮಾರಲು ಬಂದವನು ತನ್ನ ವ್ಯಾಜ್ಯವನ್ನೂ ತೀರಿಸಿಕೊಂಡು, ಶಾಸ್ತ್ರವನ್ನೂ ಕೇಳಿಕೊಂಡು ಊರಿಗೆ ಮರಳಬಹುದಾಗಿತ್ತು. ಶಾಸ್ತ್ರವನ್ನು ಸಂತೆಯಿಂದ ದೂರವಿಡದೆ ಸಂತೆಗೇ ಕರೆತಂದ ಈ ಬುದ್ಧಿಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ಶುಕ್ರವಾರ ಶಾಲೆ ಬೇಗನೆ ಮುಗಿಯುತ್ತದೆ. ಸಬ್ಬತ್ತು ತೊಡಗುವ ಸೂರ್ಯಾಸ್ತಕ್ಕೆ ಮುಂಚೆಯೇ ಮನೆಯಲ್ಲಿ ದೀಪ ಹಚ್ಚಬೇಕು, ಆಮೇಲೆ ಬೆಂಕಿಯನ್ನು ಹೊತ್ತಿಸುವಂತಿಲ್ಲ. ಶಿಶುವರ್ಗದ ಮಕ್ಕಳು ಅಂದು ತರಗತಿಯಲ್ಲಿಯೇ ತಾಯಿತಂದೆಗಳಾಗಿ ಆಡುತ್ತ, ಹೆಣೆದ ರೊಟ್ಟಿಯನ್ನೂ ದ್ರಾಕ್ಷಿರಸವನ್ನೂ ಮುಂದಿಟ್ಟುಕೊಂಡು ಸಬ್ಬತ್ತಿನ ವಿಧಿಯನ್ನು ಅನುಕರಿಸುವರು. ಮನೆಗೆ ಹೊರಡುವಾಗ ಕೈಯಲ್ಲೊಂದು ಹಾಳೆ. ಅದರಲ್ಲಿ ವಾರದ ಭಾಗದ ಮೇಲಿನ ಪ್ರಶ್ನೆಗಳು. ಆ ರಾತ್ರಿ ಊಟಕ್ಕೆ ಕುಳಿತಾಗ ತಂದೆಯು ಮಗುವನ್ನು ಕೇಳುತ್ತಾನೆ, ಕೆಲವೊಮ್ಮೆ ಮಗುವೇ ತಂದೆಯನ್ನು ಕೇಳಿ ಸಿಕ್ಕಿಸುತ್ತದೆ. ತಂದೆಗೂ ಆ ವಾರ ಬಿಡುವಿರಲಿಲ್ಲ: ಮೂಲವನ್ನು ಎರಡು ಸಲ, ಅರಮಾಯಿಕ್ ಭಾಷೆಯ ಅನುವಾದವನ್ನು ಒಂದು ಸಲ ಓದಿ ಮುಗಿಸಬೇಕೆಂಬ ವಿಧಿ ದೊಡ್ಡವರಿಗಿದೆ. ಶಾಲೆ, ಮನೆ, ಮಂದಿರ ಮೂರರಲ್ಲಿಯೂ ಆ ವಾರ ಒಂದೇ ಪುಟ ತೆರೆದಿರುತ್ತದೆ. ಮುಂಬಯಿಯಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಸಾಮಾನ್ಯವಾಗಿ ಅದೇ ಪುಟ.

ವೇದಾಧ್ಯಯನವನ್ನು ಬಲ್ಲ ಹಿರಿಯರು ಇಲ್ಲಿ ತಮ್ಮ ಪದ್ಧತಿಯನ್ನು ನೆನೆಯದೆ ಇರಲಾರರು. ಚರ್ಮಪತ್ರದ ಮೇಲೆ ಕೈಯಿಂದ ಬರೆದ ತೋರಾ ಸುರುಳಿಯಲ್ಲಿರುವ 3,04,805 ಅಕ್ಷರಗಳಲ್ಲಿ ಸ್ವರಚಿಹ್ನೆಯಾಗಲಿ ರಾಗಚಿಹ್ನೆಯಾಗಲಿ ಒಂದೂ ಇಲ್ಲ. ಉಚ್ಚಾರವನ್ನೂ ಏರಿಳಿತವನ್ನೂ ಓದುಗನು ಮೊದಲೇ ಕಂಠಸ್ಥ ಮಾಡಿರಬೇಕು, ತಪ್ಪಿದರೆ ಪಕ್ಕದವನು ಅಲ್ಲಿಯೇ ತಿದ್ದುವನು. ಹದಿಮೂರು ತುಂಬುವ ಬಾಲಕನು ಸಭೆಯ ಮುಂದೆ ಓದುವ ಸಲುವಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಇದನ್ನೇ. ಉದಾತ್ತ, ಅನುದಾತ್ತ, ಸ್ವರಿತಗಳನ್ನು ಗುರುಮುಖದಿಂದಲೇ ಪಡೆಯುವ ನಮ್ಮ ವಟುವಿನ ಶ್ರಮಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಅಂತರವಿರುವುದು ಕಾಲದ ಲೆಕ್ಕದಲ್ಲಿ. ನಮ್ಮಲ್ಲಿ ಉಪಾಕರ್ಮದಿಂದ ಅಧ್ಯಯನದ ವರ್ಷ ಆರಂಭವಾಗಿ, ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಪರ್ವಗಳಲ್ಲಿ ಅನಧ್ಯಾಯ. ಅಂದರೆ ಪುಣ್ಯದಿನ ಬಂದಾಗ ಪಾಠ ನಿಲ್ಲಬೇಕು. ಅವರಲ್ಲಿ ಪುಣ್ಯದಿನ ಬಂದಾಗ ಬರವಣಿಗೆ, ಪ್ರಯಾಣ, ವ್ಯಾಪಾರ, ಅಡುಗೆಯ ಬೆಂಕಿ ಎಲ್ಲವೂ ನಿಂತು, ಪಾಠವೊಂದೇ ಮುಂದುವರಿಯಬೇಕು. ಈ ಒಂದು ಭೇದದಲ್ಲಿ ಎರಡು ನಾಗರಿಕತೆಗಳ ಮನೋಧರ್ಮ ಅಡಗಿದೆಯೆಂದು ನನಗೆ ತೋರುತ್ತದೆ.

ವಾರವು ನಮ್ಮ ವಿದ್ಯಾರ್ಥಿಯ ಬಾಳಿನಲ್ಲಿ ಪ್ರವೇಶಿಸಿದ್ದು ಬೇರೊಂದು ಬಾಗಿಲಿನಿಂದ. ವಾರಾನ್ನ ಉಂಡು ಓದಿದವರ ಕಥೆಗಳನ್ನು ನಮ್ಮ ಹಿರಿಯರಿಂದ ಎಲ್ಲರೂ ಕೇಳಿದ್ದೇವೆ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಗೊತ್ತಾಗದೆ ಉಳಿದ ದಿನ ಉಪವಾಸ. ಪೋಲೆಂಡ್, ಲಿಥುವೇನಿಯ ದೇಶಗಳ ಯೆಷಿವಾಗಳಲ್ಲಿ, ಎಂದರೆ ತಾಲ್ಮೂದ್ ಪಾಠಶಾಲೆಗಳಲ್ಲಿ, ಓದುತ್ತಿದ್ದ ಬಡ ವಿದ್ಯಾರ್ಥಿಗಳೂ ಇದೇ ಕ್ರಮದಲ್ಲಿ, ದಿನಕ್ಕೊಂದು ಮನೆಯಂತೆ ಉಣ್ಣುತ್ತಿದ್ದರು ಎಂಬುದನ್ನು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವರೂ ಆ ಅನ್ನದ ಋಣವನ್ನೂ ಅದರ ಜೊತೆಗೆ ನುಂಗಿದ ಅವಮಾನವನ್ನೂ ಮರೆಯದೆ ಬರೆದಿಟ್ಟಿದ್ದಾರೆ. 1803ರಲ್ಲಿ ವೊಲೋಝಿನ್ ಎಂಬಲ್ಲಿ ಯೆಷಿವಾ ಸ್ಥಾಪಿಸಿದ ರಬ್ಬಿ ಹಾಯಿಮ್ ಎಂಬವರು ಈ ಪದ್ಧತಿಯನ್ನು ಬಿಡಿಸಿ, ದೂರದೂರದ ಊರುಗಳಿಂದ ಹಣ ಕೂಡಿಸಿ ವಿದ್ಯಾರ್ಥಿಗಳಿಗೆ ವೇತನ ಕೊಡುವ ಏರ್ಪಾಟು ಮಾಡಿದರು. ಮುಂದೆ ಇಂಥ ಯೆಷಿವಾಗಳಿಗೆ ಒದಗಿಬಂದ ನಿಧಿಗಳಲ್ಲೊಂದರ ಮೂಲವು ನಮ್ಮನ್ನು ಚಕಿತಗೊಳಿಸುತ್ತದೆ. 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತನ್ನ ಮೈಗೇ ಚುಚ್ಚಿಕೊಂಡ ವಾಲ್ಡೆಮಾರ್ ಹಾಫ್ಕಿನ್, ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದ್ಯ. ಮರುವರ್ಷದ ಮಾರಿಯಲ್ಲಿ ಹುಬ್ಬಳ್ಳಿ ಧಾರವಾಡದ ಸಹಸ್ರಾರು ಜನ ತೋಳೊಡ್ಡಿದ್ದು ಆ ಲಸಿಕೆಗೆ. 1930ರಲ್ಲಿ ತೀರಿಕೊಂಡ ಆತನು ತನ್ನ ಗಳಿಕೆಯನ್ನು ಪೂರ್ವ ಯುರೋಪಿನ ಯೆಷಿವಾಗಳ ಪೋಷಣೆಗೆ ಬಿಟ್ಟುಹೋದನು. 1957ರಿಂದೀಚೆಗೆ ಒಂದು ಜ್ವರದ ಹೆಸರಿನಿಂದ ಲೋಕವೆಲ್ಲ ಬಲ್ಲ ಈ ಕ್ಯಾಸನೂರಿನವರು, ಮಂಗನ ಕಾಯಿಲೆಯ ಸೂಜಿಗಾಗಿ ಸಾಲುನಿಂತವರು, ಆತನ ಹೆಸರನ್ನು ತಿಳಿದಿರತಕ್ಕದ್ದು.

ಹೆಣ್ಣುಮಕ್ಕಳ ಮಾತನ್ನು ಇಷ್ಟು ಹೊತ್ತು ಎತ್ತದೆ ಇದ್ದುದಕ್ಕೆ ಕಾರಣ, ಆ ಪರಂಪರೆಯೇ ಅದನ್ನು ಬಹುಕಾಲ ಎತ್ತಲಿಲ್ಲ. 1917ರಲ್ಲಿ ಕ್ರಾಕೋ ನಗರದ ಸಾರಾ ಷೆನಿರೆರ್ ಎಂಬ, ಬಟ್ಟೆ ಹೊಲಿದು ಜೀವಿಸುತ್ತಿದ್ದ ಸ್ತ್ರೀ, ಹುಡುಗಿಯರ ಮೈಗೆ ಒಪ್ಪುವ ಉಡುಪನ್ನು ಹೊಲಿಯುವ ತಾನು ಅವರ ಮನಸ್ಸಿಗೆ ಏನೂ ಕೊಡದೆ ಇರುವುದೆಂತು ಎಂಬ ಚಿಂತೆಯಿಂದ ಶಾಲೆಯೊಂದನ್ನು ತೆರೆದಳು. ಎರಡು ದಶಕಗಳೊಳಗೆ ಅದು ನೂರಾರು ಶಾಲೆಗಳಾಯಿತು.

ಯೆಹೂದ್ಯರ ಶಾಲೆಗಳಲ್ಲಿ ಇನ್ನೊಂದು ವಸ್ತುವನ್ನು ಕಾಣಬಹುದು: ಹರಿದ ಪ್ರಾರ್ಥನಾಪುಸ್ತಕ, ದೇವರ ನಾಮವಿರುವ ಜೀರ್ಣ ಹಾಳೆ, ಇವುಗಳನ್ನು ಕಸಕ್ಕೆ ಎಸೆಯದೆ ಹಾಕುವ ಪೆಟ್ಟಿಗೆ. ಗೆನಿಜಾ ಎಂದು ಅದರ ಹೆಸರು. ಕೈರೋ ಬಳಿಯ ಫುಸ್ತಾತಿನ ಸಭಾಮಂದಿರದ ಇಂಥ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಕಾಗದಗಳನ್ನು ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸನು 1897ರ ಹೊತ್ತಿಗೆ ಕೇಂಬ್ರಿಜ್ಜಿಗೆ ಸಾಗಿಸಿದಾಗ, ಬಾಲಕರು ಅಕ್ಷರ ಕಲಿತ ಹಾಳೆಗಳ ಜೊತೆಯಲ್ಲಿ ನಮ್ಮ ಮಂಗಳೂರೂ ಹೊರಬಂದಿತು. ಅಬ್ರಹಾಮ್ ಬೆನ್ ಯಿಜು ಎಂಬ ವರ್ತಕನು 1132ರಿಂದ 1149ರವರೆಗೆ, ಮಧ್ಯೆ ಕೆಲವು ಕಾಲವನ್ನು ಬಿಟ್ಟರೆ, ಮಂಗಳೂರಿನಲ್ಲಿದ್ದು, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿ, ಬೊಮ್ಮನೆಂಬ ತುಳುನಾಡಿನ ಸೇವಕನನ್ನು ಏಡನ್ನಿಗೆ ವ್ಯಾಪಾರಕ್ಕೆ ಕಳುಹಿಸುತ್ತಿದ್ದ ವೃತ್ತಾಂತವು ಆ ಪತ್ರಗಳಲ್ಲಿದೆ. ಆತನು ಶಾಸ್ತ್ರಜ್ಞನೂ ಆಗಿದ್ದನು. ಬಳ್ಳಿಗಾವೆಯಲ್ಲಿ ಕೋಡಿಯಮಠದ ವಿದ್ಯಾರ್ಥಿಗಳು ವ್ಯಾಕರಣ ಒಪ್ಪಿಸುತ್ತಿದ್ದ ಕಾಲದಲ್ಲಿಯೇ, ಘಟ್ಟದ ಕೆಳಗೆ ಒಬ್ಬ ಮನುಷ್ಯನು, ಶಾಲೆಯಿಲ್ಲದ ಊರಿನಲ್ಲಿ, ವಾರದ ಲೆಕ್ಕವೊಂದರಿಂದಲೇ ತನ್ನ ಗ್ರಂಥವನ್ನು ಹಿಡಿದುಕೊಂಡಿದ್ದನೆಂದು ಊಹಿಸುವುದು ತಪ್ಪಾಗಲಾರದು.

ಊಹೆ ಬೇಡವೆನ್ನುವವರು ಕೊಂಕಣದ ಬೆನೆ ಇಸ್ರಾಯೇಲರನ್ನು ನೋಡಬಹುದು. ಹಡಗು ಒಡೆದು ದಡ ಸೇರಿದ ಏಳು ದಂಪತಿಗಳ ಸಂತತಿ ತಾವೆಂದು ಹೇಳಿಕೊಳ್ಳುವ ಈ ಮರಾಠಿ ಭಾಷೆಯ ಯೆಹೂದ್ಯರು ಗ್ರಂಥವನ್ನು ಕಳೆದುಕೊಂಡಿದ್ದರು, ಹೀಬ್ರೂ ಭಾಷೆಯನ್ನು ಮರೆತಿದ್ದರು. ಉಳಿದಿದ್ದುದು ಒಂದು ಪ್ರಾರ್ಥನಾವಾಕ್ಯ, ಸುನ್ನತಿ, ಆಹಾರದ ಕೆಲವು ನಿಯಮಗಳು, ಮತ್ತು ಶನಿವಾರ. ಗಾಣದ ಕಸುಬಿನವರಾದ ಅವರು ಆ ದಿನ ಎಣ್ಣೆ ತೆಗೆಯುತ್ತಿರಲಿಲ್ಲ; ಅದರಿಂದಲೇ ನೆರೆಹೊರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಅವರಲ್ಲೊಬ್ಬನಾದ ಸಾಮ್ಯುಯೆಲ್ ದಿವೇಕರ್ ಎಂಬ ಸೈನಿಕನು ಟಿಪ್ಪುವಿನ ಸೆರೆಯಲ್ಲಿದ್ದು ಬಿಡುಗಡೆ ಹೊಂದಿ, ಹೊತ್ತ ಹರಕೆಯಂತೆ 1796ರಲ್ಲಿ ಮುಂಬಯಿಯಲ್ಲಿ ಆ ಸಮಾಜದ ಮೊದಲ ಮಂದಿರವನ್ನು ಕಟ್ಟಿಸಿದನೆಂದು ಅವರ ಐತಿಹ್ಯ. ಬಳಿಕ ಕೊಚ್ಚಿಯಿಂದ ಬೋಧಕರು ಬಂದರು. ಪಾದ್ರಿ ಜಾನ್ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದನು. 1875ರಲ್ಲಿ ಹಾಯೀಮ್ ಸಾಮ್ಯುಯೆಲ್ ಕೇಹಿಮ್ಕರ್ ಮೊದಲಾದವರು ತಮ್ಮದೇ ಶಾಲೆಯನ್ನು ತೆರೆದರು, ಅದೇ ಮುಂದೆ ಸರ್ ಎಲ್ಲಿ ಕದೂರಿಯವರ ಹೆಸರನ್ನು ಪಡೆಯಿತು. ತಲೆಮಾರುಗಳ ತರುವಾಯ ಮರಳಿಬಂದ ಗ್ರಂಥಕ್ಕೆ ಕುಳಿತುಕೊಳ್ಳುವ ಜಾಗ ಮನೆಯಲ್ಲಿ ಸಿದ್ಧವಾಗಿಯೇ ಇತ್ತು. ಶನಿವಾರವನ್ನು ಅವರು ಬೇರೆ ಯಾವುದಕ್ಕೂ ಕೊಟ್ಟಿರಲಿಲ್ಲ.

ಇಂದು ಮುಂಬಯಿಯ ಮಜಗಾಂವಿನಲ್ಲಿರುವ ಆ ಶಾಲೆಯಲ್ಲಿಯೂ, 1881ರಲ್ಲಿ ಆರಂಭವಾದ ಕಲ್ಕತ್ತೆಯ ಯೆಹೂದ್ಯ ಬಾಲಿಕಾ ಪಾಠಶಾಲೆಯಲ್ಲಿಯೂ ಓದುವವರು ಬಹುಪಾಲು ಮುಸಲ್ಮಾನರ ಮಕ್ಕಳು. ಬೆನೆ ಇಸ್ರಾಯೇಲರಲ್ಲಿ ಹೆಚ್ಚಿನವರು 1948ರ ಅನಂತರ ಇಸ್ರೇಲಿಗೆ ತೆರಳಿ ದಿಮೋನ, ಲೋದ್, ಅಷ್ದೋದ್ ಮೊದಲಾದ ಊರುಗಳಲ್ಲಿ ನೆಲೆಸಿದರು. ಅವರ ಮಕ್ಕಳು ಅಲ್ಲಿನ ಶಾಲೆಗಳಲ್ಲಿ ವಾರದ ಭಾಗವನ್ನು ಹೀಬ್ರೂವಿನಲ್ಲಿಯೇ ಓದುತ್ತಾರೆ. ಹಿರಿಯರು ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯೊಂದನ್ನೂ ಅಲ್ಲಿಂದ ಹೊರಡಿಸಿದ್ದಾರೆ.