ಟೋಕಿಯೋದಲ್ಲಿ ನೆಲೆಸಿದ ಗೋಧಿಯವರು
(ಸದಸ್ಯರ ಸಭೆಯಲ್ಲಿ ವಿಸ್ತರಣಾ ವಿಭಾಗದ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಪ್ರತಿ ಸಭೆಯಲ್ಲೂ ಕೆಚ್ಚಲುಬಾವು, ಕಾಲುಬಾಯಿ ಜ್ವರದ ಮಾತಾಡುವ ನಾನು ಇಂದು ಗೋಧಿಯ ವಿಷಯ ಹೇಳಲು ನಿಂತಿದ್ದೇನೆ. ನಮಗೂ ಅದಕ್ಕೂ ಸಂಬಂಧವಿದೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆರೆಗನ್ ಎಂಬ ರಾಜ್ಯವಿದೆ. 1950ರ ದಶಕದಲ್ಲಿ ಅಲ್ಲಿ ಬೆಳೆದ ಗೋಧಿಗೆ ಸಾಕಷ್ಟು ಗಿರಾಕಿಗಳಿರಲಿಲ್ಲ. ಬೆಳೆಗಾರರಿಗೆ ತಮ್ಮದೇ ಸಂಘವಿತ್ತು. 1954ರಲ್ಲಿ ಪಿ.ಎಲ್. 480 ಕಾನೂನು ಬಂತು. ನಮ್ಮ ಹಿರಿಯರು ರೇಷನ್ ಅಂಗಡಿಯಲ್ಲಿ ತಂದು ತಿಂದದ್ದು ಇದೇ ಕಾನೂನಿನ ಗೋಧಿಯನ್ನು. ಅದರ ಹಣದ ನೆರವಿನಿಂದ ಆ ಸಂಘದವರು 1956ರಲ್ಲಿ ಜಪಾನಿನ ಟೋಕಿಯೋದಲ್ಲಿ ಕಚೇರಿ ತೆರೆದು, ತಮ್ಮವರನ್ನು ಅಲ್ಲೇ ಇರಿಸಿದರು.

ಯೋಚಿಸಿ ನೋಡಿ. ಭಾಷೆ ಬಾರದ ಊರು, ಮೂರು ಹೊತ್ತೂ ಅನ್ನ ಉಣ್ಣುವ ಜನ. ಅಲ್ಲಿ ಗೋಧಿ ಮಾರಬೇಕು! ಮೂಟೆ ಹೊತ್ತು ತಿರುಗಿದರೆ ಯಾರು ಕೊಳ್ಳುತ್ತಾರೆ? ಬ್ರೆಡ್ ಮಾಡುವವರಿಗೆ ತರಬೇತಿ ಕೊಡಿಸಿದರು. ಒಲೆ, ಪಾತ್ರೆಗಳಿದ್ದ ಬಸ್ಸುಗಳನ್ನು ಹಳ್ಳಿಹಳ್ಳಿಗೆ ಓಡಿಸಲು ಹಣ ಕೊಟ್ಟರು. ಬಸ್ಸಿನಲ್ಲಿ ಅಡುಗೆ ಮಾಡಿ ತೋರಿಸಿದವರು ಜಪಾನಿನವರೇ. ಆದರೆ ಗೋಧಿ ಹಿಟ್ಟಿನದೂ ಒಂದು ಅಡುಗೆ ಇರಲೇಬೇಕಿತ್ತು. ಯುದ್ಧಾನಂತರ ಅಲ್ಲಿನ ಶಾಲೆಗಳಲ್ಲಿ ಮಧ್ಯಾಹ್ನಕ್ಕೆ ಬ್ರೆಡ್ಡು ಮತ್ತು ಪುಡಿ ಹಾಲು ಕೊಡುತ್ತಿದ್ದರು. ಅನ್ನ ಅಧಿಕೃತವಾಗಿ ಸೇರಿದ್ದು 1976ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬ್ರೆಡ್ ತಿಂದೇ ಬೆಳೆದಿತ್ತು.

1962ರಲ್ಲಿ ಜಪಾನಿನಲ್ಲಿ ತಲೆಗೆ ವರ್ಷಕ್ಕೆ 118 ಕಿಲೋ ಅಕ್ಕಿ ಖರ್ಚಾಗುತ್ತಿತ್ತು. ಈಗ ಅದರ ಅರ್ಧಕ್ಕಿಂತಲೂ ಕಡಿಮೆ. ಎಲ್ಲವೂ ಆ ಬಸ್ಸುಗಳಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಕೈಯಲ್ಲಿ ಕಾಸು ಆಡಿದಂತೆ ಊಟವೂ ಬದಲಾಗುತ್ತದೆ. ಆದರೂ ಆರೆಗನ್ನಿನ ರೈತನಿಗೆ ಬಂದ ಲಾಭದ ಜೊತೆಗೆ ಜಪಾನಿನ ಭತ್ತದ ರೈತನ ಪಾಡನ್ನೂ ನಾವು ನೆನೆಯಬೇಕು.

ಏಕೆಂದರೆ ಈ ಕಥೆಯಲ್ಲಿ ನಾವು ಯಾರ ಜಾಗದಲ್ಲಿದ್ದೇವೆ? 2019ರ ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದಿಂದ ಹೊರಗುಳಿಯಿತು. ನ್ಯೂಜಿಲೆಂಡಿನ ಅಗ್ಗದ ಹಾಲಿನ ಪುಡಿ ಬಂದೀತೆಂಬ ನಮ್ಮ ಹೈನುಗಾರರ ಆತಂಕವೂ ಅದಕ್ಕೆ ಒಂದು ಕಾರಣ. ಬಾಗಿಲು ಹಾಕಿಕೊಂಡೆವು, ಸರಿ. ಆದರೆ ಒಳಗಿರುವ ನಮ್ಮ ಗಿರಾಕಿಯ ನಾಲಗೆ ನಮಗೆಷ್ಟು ಗೊತ್ತು?

2013ರಲ್ಲಿ ಕ್ಷೀರಭಾಗ್ಯ ಆರಂಭವಾಗಿ ನಮ್ಮ ಹಾಲಿನ ಪುಡಿ ನಮ್ಮದೇ ಶಾಲೆಗಳಿಗೆ ಹೋಗತೊಡಗಿತು. ಗಂಟುಗಂಟಾಗಿದೆಯೆಂದು ಮಗು ಲೋಟ ಪಕ್ಕಕ್ಕಿಟ್ಟರೆ ನಮಗೆ ತಿಳಿಯುವುದು ಹೇಗೆ? ಆದ್ದರಿಂದ ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಭೆಯೊಳಗೆ ನಿಮ್ಮೂರಿನ ಶಾಲೆಗೆ ಹೋಗಿ, ಮಕ್ಕಳ ಪಕ್ಕದಲ್ಲಿ ಕುಳಿತು ಒಂದು ಲೋಟ ಕುಡಿದು ಬನ್ನಿ. ಹೇಗಿತ್ತೆಂದು ನನಗೆ ಹೇಳಿ.